ಆಟ ಬಿಟ್ಟಿ, ಅವಸರಕ್ಕೆ ಕಾಸು

ಸಂಜೆ ಆರೂವರೆಯ ನಮ್ಮ ಮೆಟ್ರೊ. ಮೆಜೆಸ್ಟಿಕ್‌ನಲ್ಲಿ ನುಗ್ಗಿದವರು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಮೊಬೈಲ್ ತೆರೆಯುತ್ತಾರೆ. ಸೀಟು ಸಿಕ್ಕ ಹೆಂಗಸೊಬ್ಬರು ಮೂರು ಕೆಂಪು ಮಿಠಾಯಿಗಳನ್ನು ಒಂದೇ ಸಾಲಿಗೆ ತರಲು ಹೆಣಗುತ್ತಿದ್ದಾರೆ. ಕೊನೆಯ ಲೈಫ್ ಮುಗಿಯಿತು, ಪರದೆಯ ಮೇಲೆ ಮೂವತ್ತು ನಿಮಿಷದ ಗಡಿಯಾರ ಇಳಿಯತೊಡಗಿತು. ಬಾಗಿಲ ಬಳಿ ಕಾಲೇಜು ಹುಡುಗರಿಬ್ಬರು ಒಂದೇ ಫೋನಿಗೆ ತಲೆ ಹಚ್ಚಿದ್ದಾರೆ. ಗುಂಡಿನ ಸದ್ದಿಲ್ಲ, ಓಟವಿಲ್ಲ. ಪೆಟ್ಟಿಗೆಯೊಂದು ಗಡಗಡ ಅಲುಗುತ್ತಿದೆ, ಅದರ ಸಂದಿನಿಂದ ಚಿನ್ನದ ಬಣ್ಣದ ಬೆಳಕು ಸೋರುತ್ತಿದೆ. ‘ಬಂತು, ಬಂತು’ ಅಂದ ಒಬ್ಬ. ಪೆಟ್ಟಿಗೆ ಒಡೆಯಿತು. ಒಳಗಿದ್ದದ್ದು ಅವನ ಹತ್ತಿರ ಆಗಲೇ ಇರುವ ಟೋಪಿ. ‘ಇನ್ನೊಂದ್ ಸಲ ಒಡಿ ಮಗಾ’ ಅಂದ ಇನ್ನೊಬ್ಬ.

ಈ ಮೂವರಲ್ಲಿ ಯಾರೂ ಗೇಮ್ ಕೊಂಡವರಲ್ಲ. ಎರಡೂ ಬಿಟ್ಟಿಯಾಗಿ ಇಳಿಸಿಕೊಂಡವು. ಆದರೆ ಆ ಗಡಿಯಾರದ ಕೆಳಗೊಂದು ಗುಂಡಿ ಇದೆ, ಪೆಟ್ಟಿಗೆಯ ಕೆಳಗೆ ಇನ್ನೊಂದು. ಇವತ್ತಿನ ಗೇಮ್ ಉದ್ಯಮದ ಆದಾಯದಲ್ಲಿ ದೊಡ್ಡ ಪಾಲು ಬರುವುದು ಇಂಥ ಗುಂಡಿಗಳಿಂದ.

ಗೇಮ್ ವಿಷಯಕ್ಕೆ ಮನೆಗಳಲ್ಲಿ ನಡೆಯುವ ಜಗಳ ಹೆಚ್ಚಾಗಿ ‘ಎಷ್ಟು ಹೊತ್ತು ಆಡ್ತೀಯ’ ಎಂಬುದರ ಸುತ್ತ. ಸಿಡಿಯ ಕಾಲದಿಂದ ಆಡಿಕೊಂಡು ಬಂದವನಾಗಿ ನನ್ನ ತಕರಾರು ಬೇರೆ ಕಡೆಗಿದೆ. ಅಂಗಡಿ ಆಟದ ಹೊರಗಿದ್ದಾಗ, ಆಟ ಮಾಡುವವರು ಅದು ಚೆನ್ನಾಗಿರಲಿ ಎಂದು ನೋಡಿಕೊಂಡರೆ ಸಾಕಿತ್ತು. ಅಂಗಡಿ ಆಟದೊಳಗೇ ಬಂದು ಕೂತ ಮೇಲೆ, ಮೊದಲು ಒಂದು ಕೊರತೆಯನ್ನು ಹುಟ್ಟಿಸಬೇಕು, ಆಮೇಲೆ ಅದನ್ನು ನೀಗಿಸುವ ಸರಕು ಮಾರಬೇಕು. ಈ ಕಾಲದ ಗೇಮ್‌ಗಳ ಬಗ್ಗೆ ಆಟಗಾರರು ಗೊಣಗುವ ಬಹುಪಾಲು ಸಂಗತಿಗಳ ಬೇರು ಅಲ್ಲಿದೆ.

ಕಾಸು ಹಾಕಿ ಆಡುವುದು ಹೊಸದಲ್ಲ

ವಿಡಿಯೊ ಗೇಮ್‌ಗಳು ಮೊದಲು ಜನಪ್ರಿಯವಾದದ್ದೇ ನಾಣ್ಯ ನುಂಗುವ ಯಂತ್ರಗಳಾಗಿ. 1980ರ ದಶಕದ ಅಮೆರಿಕ, ಜಪಾನ್‌ಗಳ ಆರ್ಕೇಡ್‌ಗಳಲ್ಲಿ ಸೋತವರ ಮುಂದೆ ಹತ್ತರಿಂದ ಇಳಿಯುವ ಎಣಿಕೆ ಬರುತ್ತಿತ್ತು. ಅಷ್ಟರೊಳಗೆ ಇನ್ನೊಂದು ನಾಣ್ಯ ಹಾಕಿದರೆ ಸತ್ತ ಜಾಗದಿಂದಲೇ ಆಟ ಮುಂದುವರಿಯುತ್ತಿತ್ತು. 1985ರ ‘ಗಾಂಟ್ಲೆಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸುಮ್ಮನೆ ನಿಂತರೂ ನಿಮ್ಮ ವೀರನ ಆಯಸ್ಸು ಕ್ಷಣಕ್ಷಣಕ್ಕೂ ಇಳಿಯುತ್ತಿತ್ತು, ನಾಣ್ಯ ಹಾಕಿದರೆ ಏರುತ್ತಿತ್ತು. 1990ರ ‘ಡಬಲ್ ಡ್ರ್ಯಾಗನ್ 3’ ಆಟದ ಬೀದಿಯಲ್ಲಿ ನಿಜಕ್ಕೂ ಅಂಗಡಿಯ ಬಾಗಿಲೊಂದಿತ್ತು. ಒಳಗೆ ಹೋಗಿ ಯಂತ್ರಕ್ಕೆ ನಿಜವಾದ ನಾಣ್ಯ ಹಾಕಿದರೆ ಆಯುಧ, ಹೊಸ ಪಟ್ಟುಗಳು ಸಿಗುತ್ತಿದ್ದವು.

ನಾಣ್ಯದ ಕಾಟದಿಂದ ಬಿಡುಗಡೆ ಕೊಟ್ಟದ್ದು ಮನೆಯ ಟಿವಿಗೆ ಜೋಡಿಸುವ ಕನ್ಸೋಲ್ ಮತ್ತು ಪಿಸಿ. ಕ್ಯಾಸೆಟ್ಟೋ ಸಿಡಿಯೋ ಒಮ್ಮೆ ಕೊಂಡರೆ ಮುಗಿಯಿತು. ಅಂಗಡಿ ಪೇಟೆಯಲ್ಲಿ, ಆಟ ಮನೆಯಲ್ಲಿ. ಆಟ ಕಷ್ಟವಾಗಿದ್ದರೆ ಅದು ಕಷ್ಟವಾಗಿರಲಿ ಎಂಬ ಕಾರಣಕ್ಕಷ್ಟೇ ಕಷ್ಟವಾಗಿರುತ್ತಿತ್ತು, ಆಟಗಾರನ ಜೇಬಿಗೆ ಕೈಹಾಕುವ ಉದ್ದೇಶ ಅದಕ್ಕಿರಲಿಲ್ಲ. ಗೇಮ್ ಪ್ರಿಯರು ‘ಹಳೆಯ ಒಳ್ಳೆಯ ಕಾಲ’ ಎಂದು ನೆನೆಯುವುದು ಈ ಇಪ್ಪತ್ತು–ಇಪ್ಪತ್ತೈದು ವರ್ಷಗಳ ಬಿಡುವನ್ನು.

ಕಾಪಿ ಸಿಡಿ, ಚೀಟ್ ಕೋಡ್

ನಮ್ಮ ಕಡೆ ಆ ಒಳ್ಳೆಯ ಕಾಲ ಬಂದದ್ದು ಬೇರೆ ದಾರಿಯಿಂದ. ಅಮೆರಿಕದಲ್ಲಿ 50–60 ಡಾಲರ್ ಬೆಲೆಯ ಗೇಮ್ ಇಲ್ಲಿ ಮಧ್ಯಮ ವರ್ಗದ ಮನೆಗೂ ದುಬಾರಿ. ಬೆಂಗಳೂರಿನವರಾದರೆ ನ್ಯಾಷನಲ್ ಮಾರ್ಕೆಟ್‌ನ ಕಾಪಿ ಸಿಡಿ, ಊರುಗಳಲ್ಲಾದರೆ ಗಂಟೆಗಿಷ್ಟು ಎಂದು ಕೊಟ್ಟು ಆಡುವ ಸೈಬರ್ ಸೆಂಟರ್. ಅಲ್ಲಿನ ಯಾವ ಕೀಬೋರ್ಡ್ ನೋಡಿದರೂ ಡಬ್ಲ್ಯು, ಎ, ಎಸ್, ಡಿ ಈ ನಾಲ್ಕು ಅಕ್ಷರಗಳು ಮಾತ್ರ ಸವೆದು ಅಳಿಸಿಹೋಗಿರುತ್ತಿದ್ದವು. ಓಡುವುದು, ಸರಿಯುವುದು ಎಲ್ಲ ಆ ಕೀಲಿಗಳಲ್ಲೇ. ‘ಕೌಂಟರ್-ಸ್ಟ್ರೈಕ್’, ‘ಐಜಿಐ’, 2002ರ ‘ವೈಸ್ ಸಿಟಿ’ ಒಂದು ತಲೆಮಾರಿನ ಹುಡುಗರಿಗೆ ಬಾಯಿಪಾಠವಾದದ್ದು ಹೀಗೆ.

ಇನ್ನೊಂದು ಬಾಯಿಪಾಠವೂ ಇತ್ತು, ಚೀಟ್ ಕೋಡ್. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡ ಪಟ್ಟಿ. ‘ವೈಸ್ ಸಿಟಿ’ಯಲ್ಲಿ ‘ಪ್ಯಾಂಜರ್’ ಎಂದು ಕೀಲಿ ಒತ್ತಿದರೆ ನಡುರಸ್ತೆಯಲ್ಲಿ ಯುದ್ಧದ ಟ್ಯಾಂಕ್ ಪ್ರತ್ಯಕ್ಷ! ಆಟ ಪರೀಕ್ಷಿಸುವಾಗ ಅನುಕೂಲವಾಗಲೆಂದು ಗೇಮ್ ಮಾಡುವವರೇ ಇಂಥ ಕೋಡ್‌ಗಳನ್ನು ಸೇರಿಸಿಕೊಳ್ಳುತ್ತಿದ್ದರು. ಆಮೇಲೆ ಅವು ಆಟಗಾರರಿಗೆ ಬಿಟ್ಟ ತಮಾಷೆಗಳಾದವು. ‘ವೈಸ್ ಸಿಟಿ’ ಸೇರಿದ ಸರಣಿಯೇ 2013ರಲ್ಲಿ ಆನ್‌ಲೈನ್‌ಗೆ ಬಂದಾಗ, ಆಟದೊಳಗಿನ ಹಣವನ್ನು ನಿಜವಾದ ಹಣಕ್ಕೆ ಮಾರುವ ‘ಶಾರ್ಕ್ ಕಾರ್ಡ್’ ಅದರ ಜೊತೆಗೇ ಬಂತು. ಹತ್ತು ಮಂದಿ ಸೇರಿ ಆಡುವ ಕಡೆ ಚೀಟ್ ಕೋಡ್ ಕೊಡಲಾಗದು, ಒಪ್ಪೋಣ. ಆದರೆ ಹಿಂದೆ ತಮಾಷೆಗೆ ಕೊಡುತ್ತಿದ್ದ ಅಡ್ಡದಾರಿ ಈಗ ಕೌಂಟರಿನ ಮೇಲಿನ ಸರಕಾಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಕುದುರೆಗೆ ಕವಚ

ಅಂಗಡಿ ಮತ್ತೆ ಒಳಗೆ ಕಾಲಿಟ್ಟದ್ದಕ್ಕೆ ಆಟಗಾರರು ಒಂದು ಗುರುತು ಇಟ್ಟುಕೊಂಡಿದ್ದಾರೆ. 2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ತನ್ನ ‘ಆಬ್ಲಿವಿಯನ್’ ಗೇಮ್‌ಗೆ ಒಂದು ಹೆಚ್ಚುವರಿ ಸರಕು ಮಾರಿತು. ಅದು ನಾಯಕನ ಕುದುರೆಗೆ ತೊಡಿಸುವ ಕವಚ, ಬೆಲೆ 2.50 ಡಾಲರ್. ಪೂರ್ತಿ ಬೆಲೆ ಕೊಟ್ಟು ಗೇಮ್ ಕೊಂಡವರು ನಕ್ಕರು, ಬೈದರು. ಹಾಗೆ ಬೈಯುತ್ತಲೇ ಕೊಂಡವರೂ ಬೇಕಾದಷ್ಟಿದ್ದರು. ಸಣ್ಣ ಅಲಂಕಾರಕ್ಕೂ ಜನ ಪ್ರತ್ಯೇಕ ಕಾಸು ಬಿಚ್ಚುತ್ತಾರೆ ಎಂಬುದು ಉದ್ಯಮಕ್ಕೆ ಖಾತ್ರಿಯಾಯಿತು.

ಅಷ್ಟರಲ್ಲಿ ದಕ್ಷಿಣ ಕೊರಿಯಾದ ಕಂಪನಿಗಳು ಇನ್ನೊಂದು ತುದಿಯಿಂದ ಅದೇ ಜಾಗಕ್ಕೆ ಬಂದಿದ್ದವು. ಸಿಡಿ ಮಾರಿದರೆ ಮರುದಿನವೇ ಕಾಪಿ ಆಗುವ ಪೇಟೆಯಲ್ಲಿ ಗೇಮ್ ಮಾರಿ ಬದುಕುವುದು ಕಷ್ಟ. ಹಾಗಾಗಿ ಆಟವನ್ನು ಆನ್‌ಲೈನ್‌ನಲ್ಲಿ ಬಿಟ್ಟಿ ಬಿಟ್ಟು, ಒಳಗೆ ಬಟ್ಟೆಬರೆ ಮಾರುವ ದಾರಿಯನ್ನು ನೆಕ್ಸಾನ್‌ನಂಥ ಕಂಪನಿಗಳು 2000ದ ಆಸುಪಾಸಿನಲ್ಲೇ ಹಿಡಿದವು. ಸ್ಮಾರ್ಟ್‌ಫೋನ್ ಬಂದ ಮೇಲೆ ಈ ದಾರಿಯೇ ಹೆದ್ದಾರಿಯಾಯಿತು.

ಭಾರತಕ್ಕೆ ಇದರಿಂದ ಆದ ಲಾಭವನ್ನು ಮುಚ್ಚಿಡಬಾರದು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗ, ಹತ್ತು ಸಾವಿರದೊಳಗಿನ ಫೋನ್ ಹಿಡಿದ ಹಾವೇರಿಯ ಹುಡುಗನೂ ಸೋಲ್‌ನ ಹುಡುಗನೂ ಒಂದೇ ಗೇಮ್ ಆಡುವಂತಾಯಿತು. ಕನ್ಸೋಲ್ ಕೊಳ್ಳುವ ಶಕ್ತಿ ಇಲ್ಲದವರಿಗೆ ಬಾಗಿಲು ತೆರೆದದ್ದು ಬಿಟ್ಟಿ ಗೇಮ್‌ಗಳೇ. ಹಾಗಾಗಿ ‘ಬಿಟ್ಟಿ ಗೇಮ್ ಬಂದು ಎಲ್ಲ ಕೆಟ್ಟಿತು’ ಎಂಬ ಪಾಶ್ಚಾತ್ಯ ಆಟಗಾರರ ಗೋಳನ್ನು ನಾವು ಹಾಗೆಯೇ ಒಪ್ಪಬೇಕಿಲ್ಲ. ನೋಡಬೇಕಾದದ್ದು ಆ ಬಾಗಿಲ ಒಳಗೆ ಏನು ನಡೆಯುತ್ತದೆ ಎಂಬುದನ್ನು.

ಕಾಯಿಸುವ ಕಸುಬು

2012ರಲ್ಲಿ ಮೊಬೈಲ್‌ಗೆ ಬಂದ ‘ಕ್ಯಾಂಡಿ ಕ್ರಶ್ ಸಾಗಾ’ ನಿಮಗೆ ಐದು ಲೈಫ್ ಕೊಡುತ್ತದೆ. ಸೋತಾಗಲೆಲ್ಲ ಒಂದು ಹೋಗುತ್ತದೆ, ಒಂದು ತುಂಬಲು ಅರ್ಧ ಗಂಟೆ. ಕಾಯಲು ಮನಸ್ಸಿಲ್ಲದಿದ್ದರೆ ಕೊಳ್ಳಿ. ಅದೇ ವರ್ಷದ ‘ಕ್ಲ್ಯಾಶ್ ಆಫ್ ಕ್ಲ್ಯಾನ್ಸ್’ನಲ್ಲಿ ಫಿರಂಗಿ ಕಟ್ಟುವುದು ಶುರುವಿನಲ್ಲಿ ಸೆಕೆಂಡುಗಳ ಕೆಲಸ, ಮುಂದೆ ಗಂಟೆಗಳು, ಆಮೇಲೆ ದಿನಗಳು. ಮೊದಲ ಪಾಠದಲ್ಲೇ ಆಟ ನಿಮ್ಮ ಕೈಗೆ ಹಸಿರು ಜೆಮ್ ಕೊಟ್ಟು, ಅದನ್ನು ಖರ್ಚು ಮಾಡಿ ಕೆಲಸ ಬೇಗ ಮುಗಿಸುವುದನ್ನು ಅಭ್ಯಾಸ ಮಾಡಿಸುತ್ತದೆ. ಕೊಟ್ಟ ಜೆಮ್ ಮುಗಿದ ಮೇಲೂ ಬೆರಳಿಗೆ ಅಭ್ಯಾಸ ಉಳಿದಿರುತ್ತದೆ.

ಇಲ್ಲಿ ಮಾರಾಟವಾಗುತ್ತಿರುವುದು ನಿಮ್ಮದೇ ಸಮಯ. ಈ ಕಾಯುವಿಕೆಗೆ ಆಟದ ದೃಷ್ಟಿಯಿಂದ ಕಾರಣವಿಲ್ಲ. ಚೆಸ್‌ನಲ್ಲಿ ಎದುರಾಳಿ ಯೋಚಿಸುವವರೆಗೆ ಕಾಯುತ್ತೇವೆ, ಅದು ಆಟದ ಭಾಗ. ಇಟ್ಟಿಗೆ ಒಣಗಲಿ ಎಂದು ಮೂರು ದಿನ ಫೋನ್ ನೋಡಿಕೊಂಡಿರುವುದು ಅಂಗಡಿಯ ಭಾಗ. ಆಟಗಾರರು ‘ಗ್ರೈಂಡ್’ ಎನ್ನುವುದೂ ಇದೇ ಜಾತಿಯದು. ಒಂದು ಬಂದೂಕಿಗಾಗಿ ಒಂದೇ ಕೆಲಸವನ್ನು ನೂರು ಸಲ ಮಾಡಿಸಿ, ಬೇಸರ ಬರುವ ಹೊತ್ತಿಗೆ ‘ಬೇಕಿದ್ದರೆ ಕೊಳ್ಳಬಹುದು’ ಎನ್ನುವುದು.

ಹೆಚ್ಚಿನವರು ಒಂದು ಪೈಸೆಯನ್ನೂ ಕೊಡುವುದಿಲ್ಲ. ಆದಾಯದ ದೊಡ್ಡ ಭಾಗ ಬರುವುದು ವಿಪರೀತ ಖರ್ಚು ಮಾಡುವ ಕೆಲವೇ ಮಂದಿಯಿಂದ. ಕ್ಯಾಸಿನೊಗಳಿಂದ ಎರವಲು ತಂದು, ಉದ್ಯಮದ ಒಳಗೆ ಅವರನ್ನು ‘ತಿಮಿಂಗಿಲ’ಗಳು ಎನ್ನುತ್ತಾರೆ. ಉಳಿದವರು ಆಟದ ಮೈದಾನ ಖಾಲಿ ಕಾಣದಂತೆ ತುಂಬಿಸುವವರು. ತಿಮಿಂಗಿಲ ಅಂದರೆ ಶ್ರೀಮಂತನೇ ಆಗಬೇಕಿಲ್ಲ. ತಡೆದುಕೊಳ್ಳಲಾಗದವನೂ ಆಗಬಹುದು, ಅಪ್ಪನ ಫೋನ್ ಕೈಗೆ ಸಿಕ್ಕ ಮಗುವೂ ಆಗಬಹುದು.

ರೂಪಾಯಿ ಕಾಣೆಯಾಗುವ ಬಗೆ

ಆಟದ ಅಂಗಡಿಯಲ್ಲಿ ಯಾವುದಕ್ಕೂ ರೂಪಾಯಿಯ ಚೀಟಿ ಅಂಟಿಸಿರುವುದಿಲ್ಲ. ಬೆಲೆಯೆಲ್ಲ ಆಟದ್ದೇ ನಾಣ್ಯದಲ್ಲಿ: ಜೆಮ್, ಕಾಯಿನ್, ವಿ-ಬಕ್ಸ್, ಪಬ್‌ಜಿ ಆಡುವ ನಮ್ಮ ಹುಡುಗರ ಬಾಯಲ್ಲಿ ‘ಯುಸಿ’. ಮೊದಲು ರೂಪಾಯಿ ಕೊಟ್ಟು ಇವನ್ನು ಕೊಳ್ಳಬೇಕು, ಇವನ್ನು ಕೊಟ್ಟು ಬಟ್ಟೆ ಕೊಳ್ಳಬೇಕು. ಕೊಟ್ಟದ್ದೆಷ್ಟು ಎಂಬ ಅಂದಾಜು ಮೊದಲ ತಿರುವಿನಲ್ಲೇ ತಪ್ಪಿಹೋಗುತ್ತದೆ.

ಲೆಕ್ಕವೂ ಕೂಡಿಬರದಂತೆ ಇರುತ್ತದೆ. ಒಂದು ಅಂಗಿಗೆ 1,200 ಕಾಯಿನ್ ಎಂದಿಟ್ಟುಕೊಳ್ಳಿ. ಕಾಯಿನ್ ಸಿಗುವುದು 1,000ದ ಕಟ್ಟಿನಲ್ಲಿ. ಎರಡು ಕಟ್ಟು ಕೊಂಡರೆ 800 ಉಳಿಯಿತು. ಆ 800ಕ್ಕೆ ಸರಿಹೊಂದುವ ಸರಕಿಲ್ಲ, ಹಿಂದಕ್ಕೂ ಕೊಡುವುದಿಲ್ಲ. ‘ಉಳಿದದ್ದು ಯಾಕೆ ಹಾಳು’ ಎಂಬ ಯೋಚನೆಯಲ್ಲೇ ಮೂರನೆಯ ಕಟ್ಟು.

ಗುಂಡಿ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ‘ಫೋರ್ಟ್‌ನೈಟ್’ ಮಾಡಿದ ಎಪಿಕ್ ಗೇಮ್ಸ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪಗಳನ್ನು ಓದಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಮಲಗಿದ್ದ ಗೇಮನ್ನು ಎಬ್ಬಿಸಲು ಗುಂಡಿ ಒತ್ತಿದವರಿಗೆ, ಲೋಡಿಂಗ್ ಪರದೆಯಲ್ಲಿದ್ದವರಿಗೆ, ಸರಕು ಹೇಗಿದೆ ಎಂದು ನೋಡಲು ಹೋಗಿ ಪಕ್ಕದ ಗುಂಡಿ ತಾಗಿಸಿದವರಿಗೆ ಎಲ್ಲ ಖರೀದಿ ಬಿದ್ದಿದೆ ಎಂದಿತ್ತು ಆ ದೂರು. 2022ರ ಡಿಸೆಂಬರ್‌ನಲ್ಲಿ ಕಂಪನಿ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಅದರಲ್ಲಿ 24.5 ಕೋಟಿ ಡಾಲರ್ ಗ್ರಾಹಕರಿಗೆ ಮರಳಿಸಲು. ಉಳಿದ 27.5 ಕೋಟಿ, ಮಕ್ಕಳ ಖಾಸಗಿ ಮಾಹಿತಿ ಕಾಯುವ ಕಾನೂನನ್ನು ಮುರಿದ ಆರೋಪಕ್ಕೆ.

ಮುಗಿಯದ ಚೀಟಿ ಹಾಳೆ

ಮೆಟ್ರೊದಲ್ಲಿ ಹುಡುಗರು ಒಡೆಯುತ್ತಿದ್ದ ಪೆಟ್ಟಿಗೆಯಂಥದ್ದಕ್ಕೆ ‘ಲೂಟ್ ಬಾಕ್ಸ್’ ಎಂದು ಹೆಸರು. ಕಾಸು ಕೊಟ್ಟು ಕೊಳ್ಳುವುದು ಪೆಟ್ಟಿಗೆಯನ್ನು, ಒಳಗೇನಿದೆ ಎಂಬುದು ಅದೃಷ್ಟ. ಜಪಾನಿನಲ್ಲಿ ನಾಣ್ಯ ಹಾಕಿ ತಿರುವಿದರೆ ಗೊಂಬೆಯ ಡಬ್ಬಿ ಬೀಳುವ ಯಂತ್ರಗಳಿವೆ. ಅವುಗಳ ಹೆಸರಿನಲ್ಲೇ ಅಲ್ಲಿ ಇದು ‘ಗಾಚಾ’.

ನಮ್ಮ ಪೆಟ್ಟಿಗೆ ಅಂಗಡಿಗಳಲ್ಲಿ ಹಿಂದೆ ಚೀಟಿ ಹರಿಯುವ ಆಟವಿತ್ತು. ರಟ್ಟಿನ ಮೇಲೆ ಸಾಲಾಗಿ ಅಂಟಿಸಿದ ಮಡಚಿದ ಚೀಟಿಗಳು, ಮೇಲೆ ನೇತಾಡುವ ಬಲೂನು, ಪ್ಲಾಸ್ಟಿಕ್ ವಾಚು, ದೊಡ್ಡ ಬಹುಮಾನವಾಗಿ ಒಂದು ಕಾರು. ನಾಲ್ಕಾಣೆಗೋ ಎಂಟಾಣೆಗೋ ಒಂದು ಚೀಟಿ. ಅದೂ ಒಂದು ಬಗೆಯ ಜೂಜೇ. ಆದರೆ ಹುಡುಗರಿಗೆ ಒಂದು ಆಸರೆ ಇತ್ತು. ಎಷ್ಟು ಚೀಟಿ ಉಳಿದಿವೆ, ಕಾರು ಇನ್ನೂ ನೇತಾಡುತ್ತಿದೆಯೇ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಹಾಳೆ ಮುಗಿಯುವುದರೊಳಗೆ ಕಾರು ಯಾರಿಗಾದರೂ ಬರಲೇಬೇಕು. ಸರ್ವರ್‌ನಲ್ಲಿರುವ ಚೀಟಿ ಹಾಳೆ ಮುಗಿಯುವುದೇ ಇಲ್ಲ. ನೂರನೆಯ ಸಲ ಹರಿದಾಗಲೂ ಸಾಧ್ಯತೆ ಮೊದಲನೆಯ ಸಲದಷ್ಟೇ.

ಇದಕ್ಕೆ ಆಟಗಾರರು ರೊಚ್ಚಿಗೆದ್ದದ್ದರಿಂದಲೇ ಈಗಿನ ಗಾಚಾ ಗೇಮ್‌ಗಳು ‘ಇಷ್ಟು ಸಲಕ್ಕೆ ಖಾತ್ರಿ’ ಎಂಬ ಮಿತಿ ಹಾಕಿಕೊಂಡಿವೆ. 2020ರಲ್ಲಿ ಬಂದ ಚೀನಾದ ‘ಗೆನ್ಶಿನ್ ಇಂಪ್ಯಾಕ್ಟ್’ನಲ್ಲಿ ಅತ್ಯುನ್ನತ ದರ್ಜೆಯ ಪಾತ್ರ ಸಿಗುವ ಮೂಲ ಸಾಧ್ಯತೆ ಶೇ 0.6. ಸಿಗದಿದ್ದರೆ ತೊಂಬತ್ತನೆಯ ಸಲಕ್ಕೆ ಖಾತ್ರಿ. ಅದರಲ್ಲೂ ನೀವು ಬಯಸಿದ ಪಾತ್ರದ ಬದಲು ಬೇರೊಂದು ಬರಬಹುದು, ಹಾಗಾದರೆ ಇನ್ನೊಂದು ತೊಂಬತ್ತು. ಖಾತ್ರಿ ಎಂಬುದು ಒಳ್ಳೆಯದೇ. ಆದರೆ ಎಂಬತ್ತು ಸಲ ಹರಿದವನಿಗೆ ‘ಇನ್ನು ಹತ್ತೇ’ ಎಂದು ಕಾಣಿಸುವುದೂ ಅದೇ ಖಾತ್ರಿ. 2025ರ ಜನವರಿಯಲ್ಲಿ ಇದರ ಪ್ರಕಾಶಕರು ಅಮೆರಿಕದಲ್ಲಿ 2 ಕೋಟಿ ಡಾಲರ್ ಕೊಡಲು ಒಪ್ಪಿದರು. ಹದಿನಾರು ವರ್ಷದೊಳಗಿನವರಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಲೂಟ್ ಬಾಕ್ಸ್ ಮಾರುವುದಿಲ್ಲ ಎಂಬುದು ಆ ರಾಜಿಯ ಷರತ್ತುಗಳಲ್ಲೊಂದು.

ಡಾರ್ತ್ ವೇಡರ್‌ಗೆ ನಲವತ್ತು ಗಂಟೆ

ಆಟಗಾರರ ಸಿಟ್ಟು ಕಟ್ಟೆಯೊಡೆದದ್ದು 2017ರ ನವೆಂಬರ್‌ನಲ್ಲಿ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಬಿಟ್ಟಿ ಗೇಮ್ ಆಗಿರಲಿಲ್ಲ, 60 ಡಾಲರ್ ಕೊಟ್ಟು ಕೊಳ್ಳಬೇಕಾದದ್ದು. ಆದರೂ ‘ಸ್ಟಾರ್ ವಾರ್ಸ್’ ಸಿನಿಮಾಗಳ ಖಳನಾಯಕ ಡಾರ್ತ್ ವೇಡರ್ ಆಗಿ ಆಡಲು ಆಟದೊಳಗಿನ 60,000 ಕ್ರೆಡಿಟ್ ಕೂಡಿಸಬೇಕಿತ್ತು. ಅದಕ್ಕೆ ಸುಮಾರು ನಲವತ್ತು ಗಂಟೆ ಆಡಬೇಕು ಎಂದು ಆಟಗಾರರು ಲೆಕ್ಕ ಹಾಕಿದರು. ಪಕ್ಕದಲ್ಲೇ ಶಕ್ತಿ ಹೆಚ್ಚಿಸುವ ಕಾರ್ಡುಗಳಿರುವ ಪೆಟ್ಟಿಗೆಗಳು ದುಡ್ಡಿಗೆ ಸಿಗುತ್ತಿದ್ದವು. ಗಲಾಟೆಯಾದ ಮೇಲೆ ಕಂಪನಿ ವೇಡರ್ ಬೆಲೆಯನ್ನು 15,000ಕ್ಕೆ ಇಳಿಸಿತು. ಬಿಡುಗಡೆಯ ಹಿಂದಿನ ದಿನ ಆಟದೊಳಗಿನ ಖರೀದಿಯನ್ನೇ ನಿಲ್ಲಿಸಿತು.

ಈ ಪ್ರಕರಣ ಸರ್ಕಾರಗಳ ಕಿವಿಗೂ ಬಿತ್ತು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಜೂಜು ಆಯೋಗ, ಹಣ ಕೊಟ್ಟು ಕೊಳ್ಳುವ ಲೂಟ್ ಬಾಕ್ಸ್ ಜೂಜೇ ಎಂದು ಹೇಳಿತು. ಫುಟ್‌ಬಾಲ್ ಗೇಮ್ ‘ಫಿಫಾ’ದಲ್ಲಿ ಅದೃಷ್ಟದ ಪ್ಯಾಕ್ ಕೊಳ್ಳಲು ಬಳಸುವ ಪಾಯಿಂಟ್‌ಗಳ ಮಾರಾಟ ಅಲ್ಲಿ ನಿಂತಿತು. ಪಕ್ಕದ ನೆದರ್ಲೆಂಡ್ಸ್‌ನಲ್ಲಿ ಅದೇ ಗೇಮ್‌ಗೆ ವಿಧಿಸಿದ್ದ 1 ಕೋಟಿ ಯೂರೊ ದಂಡವನ್ನು 2022ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ರದ್ದುಮಾಡಿತು. ಜಪಾನ್ 2012ರಲ್ಲೇ, ಹಲವು ಗಾಚಾಗಳ ಸೆಟ್ ಪೂರ್ತಿ ಮಾಡಿದರೆ ಮಾತ್ರ ಬಹುಮಾನ ಎಂಬ ಒಂದು ಬಗೆಯನ್ನು ನಿಲ್ಲಿಸಿತ್ತು. ಪೆಟ್ಟಿಗೆಯಲ್ಲಿ ಯಾವುದು ಸಿಗುವ ಸಾಧ್ಯತೆ ಎಷ್ಟು ಎಂದು ಪ್ರಕಟಿಸಲೇಬೇಕು ಎಂಬ ನಿಯಮ 2017ರ ಮೇಯಿಂದ ಚೀನಾದಲ್ಲಿದೆ.

ವಯಸ್ಸಿನ ಮುದ್ರೆ ಹಾಕುವವರ ಗೊಂದಲವನ್ನಂತೂ ‘ಬಲಾಟ್ರೊ’ ಬಯಲಿಗೆಳೆಯಿತು. ಒಬ್ಬನೇ ವ್ಯಕ್ತಿ ರೂಪಿಸಿ 2024ರಲ್ಲಿ ಬಂದ ಈ ಇಸ್ಪೀಟಿನ ಗೇಮ್‌ನಲ್ಲಿ ಪೋಕರ್‌ನ ಕೈಗಳಿವೆ, ಆದರೆ ಹಣ ಕಟ್ಟುವುದೇ ಇಲ್ಲ. ಒಮ್ಮೆ ಕೊಂಡರೆ ಆಯಿತು. ಯುರೋಪಿನ ‘ಪೆಗಿ’ ಸಂಸ್ಥೆ ಜೂಜಿನ ಚಿತ್ರಗಳಿವೆ ಎಂದು ಅದಕ್ಕೆ 18ರ ಮುದ್ರೆ ಒತ್ತಿತು. ಅದೇ ಸಂಸ್ಥೆ, ನಿಜವಾದ ಹಣಕ್ಕೆ ಅದೃಷ್ಟದ ಪ್ಯಾಕ್ ಮಾರುವ ಫುಟ್‌ಬಾಲ್ ಗೇಮ್‌ಗೆ ಕೊಟ್ಟಿದ್ದ ಮುದ್ರೆ 3! ಮೇಲ್ಮನವಿಯ ನಂತರ, 2025ರ ಫೆಬ್ರುವರಿಯಲ್ಲಿ ‘ಬಲಾಟ್ರೊ’ 12ಕ್ಕೆ ಇಳಿಯಿತು.

ಕೊಂಡದ್ದು ಯಾರ ಸ್ವತ್ತು?

ಲೂಟ್ ಬಾಕ್ಸ್‌ಗೆ ಬೈಗುಳ ಹೆಚ್ಚಾದಂತೆ ಉದ್ಯಮ ‘ಬ್ಯಾಟಲ್ ಪಾಸ್’ ಕಡೆ ವಾಲಿತು. 2017ರ ಕೊನೆಯಲ್ಲಿ ‘ಫೋರ್ಟ್‌ನೈಟ್’ ಇದನ್ನು ಮನೆಮಾತಾಗಿಸಿತು. ಒಮ್ಮೆ ಪಾಸ್ ಕೊಂಡರೆ, ಮೆಟ್ಟಿಲು ಮೆಟ್ಟಿಲಾಗಿ ಆಡಿ ಬಹುಮಾನ ಗೆಲ್ಲಬಹುದು. ಏನು ಸಿಗುತ್ತದೆ ಎಂಬುದು ಮೊದಲೇ ಕಾಣುತ್ತದೆ, ಹಾಗಾಗಿ ಜೂಜಲ್ಲ. ಆದರೆ ಸೀಸನ್ ಮುಗಿಯುವುದರೊಳಗೆ ಮೆಟ್ಟಿಲು ಹತ್ತದಿದ್ದರೆ ಕೊಟ್ಟ ಕಾಸು ನೀರಿಗೆ. ಬೇಸರವಾದರೂ ‘ಇವತ್ತಿನ ಮಿಷನ್ ಮುಗಿಸಿಬಿಡೋಣ’ ಎಂದು ಕೂರುವ ಹುಡುಗರನ್ನು ಕೇಳಿ ನೋಡಿ, ಆಡುತ್ತಿರುವುದು ಖುಷಿಗೋ ಹಾಜರಿಗೋ ಎಂದು.

ಹೀಗೆ ವರ್ಷಗಟ್ಟಲೆ ಸೀಸನ್ ಮೇಲೆ ಸೀಸನ್ ನಡೆಸುವ ಗೇಮ್‌ಗಳಿಗೆ ‘ಲೈವ್ ಸರ್ವಿಸ್’ ಎನ್ನುತ್ತಾರೆ. ಎಲ್ಲ ದೊಡ್ಡ ಕಂಪನಿಗೂ ಇನ್ನೊಂದು ‘ಫೋರ್ಟ್‌ನೈಟ್’ ಬೇಕು, ಆದರೆ ಆಟಗಾರರ ದಿನಕ್ಕೆ ಇರುವುದು ಇಪ್ಪತ್ತನಾಲ್ಕೇ ಗಂಟೆ. ಸೋನಿಯ ‘ಕಾನ್ಕಾರ್ಡ್’ ಬಿಡುಗಡೆಯಾದದ್ದು 2024ರ ಆಗಸ್ಟ್ 23ಕ್ಕೆ, ಬಾಗಿಲು ಹಾಕಿದ್ದು ಸೆಪ್ಟೆಂಬರ್ 6ಕ್ಕೆ. ಕೊಂಡವರಿಗೆ ಹಣ ಮರಳಿತು. ಅದನ್ನು ಮಾಡಿದ ಸ್ಟುಡಿಯೊ ಅಕ್ಟೋಬರ್‌ನಲ್ಲಿ ಮುಚ್ಚಿತು.

ಸರ್ವರ್ ಆರಿಸಿದರೆ ಕೊಂಡ ಗೇಮ್ ಏನಾಗುತ್ತದೆ ಎಂಬ ಪ್ರಶ್ನೆ ಎದ್ದದ್ದು ಯೂಬಿಸಾಫ್ಟ್‌ನ ಕಾರ್ ರೇಸಿಂಗ್ ಗೇಮ್ ‘ದಿ ಕ್ರೂ’ನಿಂದ. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ನಿಂತಿತು. ಅಂಗಡಿಯಿಂದ ಡಿಸ್ಕ್ ಕೊಂಡು ಕಪಾಟಿನಲ್ಲಿಟ್ಟವರಿಗೂ ಅದು ಕೆಲಸಕ್ಕೆ ಬಾರದ ತಟ್ಟೆಯಾಯಿತು. ಅಮೆರಿಕದ ಯೂಟ್ಯೂಬರ್ ರಾಸ್ ಸ್ಕಾಟ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಆರಂಭಿಸಿದರು. ಗೇಮ್ ನಿಲ್ಲಿಸುವಾಗ ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದು ಅದರ ಬೇಡಿಕೆ. ಐರೋಪ್ಯ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಯ ಸಹಿಗಳು 2025ರ ಜುಲೈನಲ್ಲಿ ಹತ್ತು ಲಕ್ಷ ದಾಟಿದವು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಬರೀ ಪರವಾನಗಿ ಮಾರುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಗುಂಡಿ ಇಡುವಂತಿಲ್ಲ.

ಕೊಂಡದ್ದನ್ನು ಕಳೆದುಕೊಳ್ಳುವ ಈ ಅನುಭವ ನಮ್ಮ ಹುಡುಗರಿಗೆ ಬೇರೆ ರೂಪದಲ್ಲಿ ಆಗಿದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ‘ಪಬ್‌ಜಿ ಮೊಬೈಲ್’ ನಿಷೇಧಿಸಿದಾಗ, ವರ್ಷಗಳಿಂದ ಯುಸಿ ಹಾಕಿಸಿ ಕೂಡಿಟ್ಟ ಬಟ್ಟೆ, ಬಂದೂಕುಗಳೆಲ್ಲ ಕೈತಪ್ಪಿದವು. 2021ರ ಜುಲೈನಲ್ಲಿ ಪಬ್‌ಜಿಯ ಒಡೆತನದ ಕ್ರಾಫ್ಟನ್ ಕಂಪನಿ ಅದರ ಭಾರತದ ಆವೃತ್ತಿ ‘ಬಿಜಿಎಂಐ’ ತಂದು ಹಳೆಯ ಖಾತೆಗಳನ್ನು ವರ್ಗಾಯಿಸಿಕೊಳ್ಳಲು ಬಿಟ್ಟಿತು. 2022ರ ಜುಲೈನಲ್ಲಿ ಅದೂ ಸ್ಟೋರ್‌ಗಳಿಂದ ಮಾಯ. 2023ರ ಮೇನಲ್ಲಿ ಮರಳಿದಾಗ ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿ ಬಂತು. ಕಂಪನಿ ಮುಚ್ಚಲಿ, ಸರ್ಕಾರ ಮುಚ್ಚಲಿ, ಸರಕು ನಿಮ್ಮ ಕೈಯಲ್ಲಿಲ್ಲ.

ಕಂಪನಿಗಳ ಲೆಕ್ಕ

ಉದ್ಯಮದ ವಾದವನ್ನೂ ಕೇಳಬೇಕು. 2005ರ ಹೊತ್ತಿಗೆ 60 ಡಾಲರ್ ಆದ ದೊಡ್ಡ ಗೇಮ್‌ಗಳ ಬೆಲೆ ಹದಿನೈದು ವರ್ಷ ಅಲ್ಲೇ ನಿಂತಿತ್ತು. 2020ರಲ್ಲಿ 70 ಆಯಿತು, 2025ರಲ್ಲಿ ನಿಂಟೆಂಡೊದ ‘ಮಾರಿಯೊ ಕಾರ್ಟ್ ವರ್ಲ್ಡ್’ 80ಕ್ಕೆ ಬಂತು. ಅದೇ ಅವಧಿಯಲ್ಲಿ ತಯಾರಿಕೆಯ ಖರ್ಚು ಎಷ್ಟೋ ಪಟ್ಟು ಏರಿತು. ದೊಡ್ಡ ಗೇಮ್‌ಗಳಿಗೆ 20 ಕೋಟಿ ಡಾಲರ್ ಮೀರಿದ ಬಜೆಟ್ ಸಾಮಾನ್ಯವಾಗುತ್ತಿದೆ ಎಂಬುದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದ 2023ರ ವರದಿಯಲ್ಲಿದೆ. ಸಾವಿರಾರು ಕಲಾವಿದರು ವರ್ಷಗಟ್ಟಲೆ ದುಡಿಯಬೇಕು. ಅವರಲ್ಲಿ ನಮ್ಮವರೂ ಇದ್ದಾರೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದು, 2019ರಲ್ಲಿ ‘ವೈಸ್ ಸಿಟಿ’ಯ ಕಂಪನಿ ರಾಕ್‌ಸ್ಟಾರ್ ಪಾಲಾಯಿತು.

ಆದರೆ ‘ಬೇರೆ ದಾರಿಯೇ ಇಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಬೆಲ್ಜಿಯಂನ ಲ್ಯಾರಿಯನ್ ಸ್ಟುಡಿಯೊಸ್ 2023ರಲ್ಲಿ ಬಿಡುಗಡೆ ಮಾಡಿದ ‘ಬಾಲ್ಡರ್ಸ್ ಗೇಟ್ 3’ ನೂರಾರು ಮಂದಿ ದುಡಿದ ದೊಡ್ಡ ಗೇಮ್. ಒಳಗೆ ಅಂಗಡಿ ಇಲ್ಲ, ಪಾಸ್ ಇಲ್ಲ. ಆ ವರ್ಷದ ಗೇಮ್ ಅವಾರ್ಡ್ಸ್‌ನ ಅತ್ಯುನ್ನತ ಪ್ರಶಸ್ತಿ ಅದಕ್ಕೇ. ಇನ್ನೊಂದು ತುದಿಯಲ್ಲಿ, ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಒಬ್ಬನೇ ಮಾಡಿ 2016ರಲ್ಲಿ ತಂದ ಬೇಸಾಯದ ಗೇಮ್ ‘ಸ್ಟಾರ್ಡ್ಯೂ ವ್ಯಾಲಿ’. ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ, ಈಗಲೂ ಹೊಸ ಭಾಗಗಳು ಉಚಿತವಾಗಿ ಬರುತ್ತಿವೆ. ಇದರಲ್ಲೂ ಬೆಳೆ ಬರುವವರೆಗೆ ಕಾಯಬೇಕು. ಆ ಕಾಯುವಿಕೆಯನ್ನು ನಿಮಗೆ ಮಾರುವವರಿಲ್ಲ, ಅದಕ್ಕೇ ಅದು ಹಿತವಾಗಿದೆ.

ನಮ್ಮ ಕಾನೂನು ನೋಡುವ ದಿಕ್ಕು

ಇಲ್ಲಿ ಚರ್ಚೆಯೆಲ್ಲ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನಂಥ ಹಣ ಗೆಲ್ಲುವ ಆಟಗಳ ಸುತ್ತಲೇ ನಡೆದಿದೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಒಪ್ಪಿಗೆ ಕೊಟ್ಟು, ದುಡ್ಡು ಗೆಲ್ಲುವ ಆಸೆಯಿಂದ ದುಡ್ಡು ಕಟ್ಟಿ ಆಡುವ ಗೇಮ್‌ಗಳನ್ನು ದೇಶವ್ಯಾಪಿ ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು.

ಗೆದ್ದರೆ ಹಣ ಬರುವ ಆಟದ ಮೇಲೆ ಕಾನೂನಿನ ಕಣ್ಣಿದೆ. ಹಣ ಹೋಗುವುದೇ ಹೊರತು ಯಾವತ್ತೂ ಬರದ ಪೆಟ್ಟಿಗೆಯ ಮೇಲೆ ಅಷ್ಟು ಕಣ್ಣಿಲ್ಲ. ಆದರೆ ಆ ಪೆಟ್ಟಿಗೆಗಳು ಮಕ್ಕಳು ಆಡುವ ಗೇಮ್‌ಗಳಲ್ಲೂ ಇವೆ.

ಕೇಳಬೇಕಾದ್ದು, ಮಾಡಬೇಕಾದ್ದು

ನಿಷೇಧ ಸುಲಭದ ಮಾತು, ಆದರೆ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಪಬ್‌ಜಿ ಹೋದಾಗ ಹುಡುಗರು ‘ಫ್ರೀ ಫೈರ್’ಗೆ ಹೋದರು, 2022ರಲ್ಲಿ ಅದೂ ಹೋದಾಗ ಅದರದೇ ‘ಮ್ಯಾಕ್ಸ್’ ಆವೃತ್ತಿಗೆ. ಅದಕ್ಕಿಂತ ಚಿಕ್ಕ, ಬಿಗಿಯಾದ ನಿಯಮಗಳು ಉಪಯೋಗಕ್ಕೆ ಬರುತ್ತವೆ. ಆಟದೊಳಗಿನ ಪ್ರತಿ ಸರಕಿನ ಪಕ್ಕದಲ್ಲೂ ರೂಪಾಯಿ ಬೆಲೆ ಇರಲಿ. ಪೆಟ್ಟಿಗೆ ಒಡೆಯುವ ಗುಂಡಿಯ ಮೇಲೆಯೇ ಸಾಧ್ಯತೆ ಎಷ್ಟು ಎಂದು ಕಾಣಲಿ, ಮೂರು ಮೆನು ದಾಟಿದ ಮೇಲಿನ ಇಂಗ್ಲಿಷ್ ಪಟ್ಟಿಯಲ್ಲಲ್ಲ, ಆಡುವವನ ಭಾಷೆಯಲ್ಲಿ. ಕೊಂಡ ಗೇಮ್ ನಿಲ್ಲಿಸುವಾಗ ಇಂಟರ್‌ನೆಟ್ ಇಲ್ಲದೆ ಆಡುವ ದಾರಿಯೊಂದನ್ನು ಬಿಟ್ಟುಹೋಗಲಿ.

ಮನೆಯಲ್ಲಿ ಇವತ್ತೇ ಆಗುವ ಕೆಲಸವೂ ಇದೆ. ಮಗುವಿನ ಕೈಗೆ ಕೊಡುವ ಫೋನಿನ ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಐಫೋನ್‌ನಲ್ಲಿ ‘ಸ್ಕ್ರೀನ್ ಟೈಮ್’ ಒಳಗೆ ಆ್ಯಪ್ ಖರೀದಿಯನ್ನೇ ಬಂದ್ ಮಾಡಬಹುದು. ಗೊತ್ತಿಲ್ಲದೆ ದುಡ್ಡು ಹೋಗಿದ್ದರೆ ತಡಮಾಡದೆ, ಪ್ಲೇ ಸ್ಟೋರ್‌ನಲ್ಲಾದರೆ 48 ಗಂಟೆಯೊಳಗೆ, ಮರುಪಾವತಿ ಕೇಳಿ. ಬೈಯುವುದಕ್ಕೆ ಮುಂಚೆ, ಆ ಪೆಟ್ಟಿಗೆಯಲ್ಲಿ ಏನು ಸಿಗಬಹುದು ಅಂದುಕೊಂಡಿದ್ದ ಎಂದು ಮಗನನ್ನೇ ಕೂರಿಸಿಕೊಂಡು ಕೇಳಿ. ಶೇ 0.6 ಅಂದರೆ ಎಷ್ಟು ಎಂಬ ಲೆಕ್ಕ ಅವನಿಗೆ ಶಾಲೆಯಲ್ಲಿ ಕಲಿಸಿದ್ದಕ್ಕಿಂತ ಚೆನ್ನಾಗಿ ಅಲ್ಲಿ ಅರ್ಥವಾಗುತ್ತದೆ.

ಕೊನೆಯದಾಗಿ ನನ್ನಂಥ ಆಟಗಾರರಿಗೆ ಒಂದು ಮಾತು. ನಮ್ಮ ತಲೆಮಾರು ಕಾಪಿ ಸಿಡಿಯಲ್ಲಿ ಆಡಿ ಬೆಳೆಯಿತು. ಪ್ರತಿ ಮಾರಿ ಬದುಕಲಾಗದ ಪೇಟೆಗಳೇ ಬಿಟ್ಟಿ ಗೇಮ್‌ನ ತವರು ಎಂಬುದನ್ನು ನೆನಪಿಟ್ಟರೆ, ಆಟದೊಳಗಿನ ಅಂಗಡಿಗೆ ಜಾಗ ಮಾಡಿಕೊಟ್ಟವರಲ್ಲಿ ನಮ್ಮಂಥ ಪೇಟೆಗಳೂ ಸೇರುತ್ತವೆ. ಈಗ ಸಂಬಳ ಬರುತ್ತಿದೆ. ಸಣ್ಣ ಸ್ಟುಡಿಯೊಗಳ ಎಷ್ಟೋ ಒಳ್ಳೆಯ ಗೇಮ್‌ಗಳು ವಾರಾಂತ್ಯದ ಒಂದು ಸಿನಿಮಾ, ಪಾಪ್‌ಕಾರ್ನ್ ಖರ್ಚಿಗೆ ಸಿಗುತ್ತವೆ. ಪೂರ್ತಿ ಮಾಡಿ, ಪೂರ್ತಿ ಮಾರಿ, ಮುಗಿದಾಗ ಮುಗಿಯಿತು ಎನ್ನುವ ಗೇಮ್‌ಗೆ ಕಾಸು ಕೊಟ್ಟು ಕೊಳ್ಳದೆ, ಬಿಟ್ಟಿ ಗೇಮ್‌ನ ಪೆಟ್ಟಿಗೆಯನ್ನು ಬೈದುಕೊಂಡೇ ಒಡೆಯುತ್ತ ಕೂತರೆ, ಕಂಪನಿಗಳು ನಮ್ಮ ಬೈಗುಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಡೆದ ಪೆಟ್ಟಿಗೆಗಳನ್ನು ಮಾತ್ರ ಎಣಿಸುತ್ತವೆ.